ವೀಸಾ ಬೇಡ, ಫೈಲು ಬೇಕು

ದೊಡ್ಡಬಳ್ಳಾಪುರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವರು ಮೈಸೂರು ಮುಟ್ಟುವ ಹೊತ್ತಿಗೆ, ದೇವನಹಳ್ಳಿಯಿಂದ ಮೇಲೆದ್ದ ವಿಮಾನ ಕ್ವಾಲಾಲಂಪುರದಲ್ಲಿ ಇಳಿದಿರುತ್ತದೆ. ಎರಡೂ ಹೆಚ್ಚುಕಡಿಮೆ ನಾಲ್ಕು ಗಂಟೆಯ ದಾರಿ. ಬ್ಯಾಂಕಾಕ್ ಇನ್ನೂ ಸ್ವಲ್ಪ ಹತ್ತಿರ.

ರಾಗಿ, ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ನೆಲದಲ್ಲಿ ರನ್‌ವೇ ಹಾಸಿ, 2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾದಾಗ ಸುತ್ತಲಿನ ಹಳ್ಳಿಯವರಿಗೆ ಅದು ತಲೆಯ ಮೇಲಿನ ಸದ್ದು ಮಾತ್ರವಾಗಿತ್ತು. ಈಗ ಕಾಲ ಬೇರೆ. ಹೊಸಕೋಟೆಯ ಗೆಳೆಯರ ಗುಂಪು, ನೆಲಮಂಗಲದ ಅಂಗಡಿಯವರು, ವಿಜಯಪುರದ ರೇಷ್ಮೆ ವ್ಯಾಪಾರಿಗಳು, ಮದುವೆಯಾಗಿ ತಿಂಗಳಾದ ಜೋಡಿಗಳು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಥಾಯ್ಲೆಂಡಿಗೆ ವೀಸಾ ಬೇಡ್ವಂತೆ, ಮಲೇಷ್ಯಾಕ್ಕೂ ಬೇಡ್ವಂತೆ. ಟಿಕೆಟ್ ತಗೊಂಡ್ರೆ ಆಯ್ತು.’

ಎಡವಟ್ಟಾಗುವುದು ಆ ಕೊನೆಯ ವಾಕ್ಯದಲ್ಲಿ. ವೀಸಾ ಬೇಕಾದ ದೇಶವಾದರೆ ಎಷ್ಟು ದಿನ, ಎಲ್ಲಿ ವಾಸ, ಖರ್ಚಿಗೆ ಹಣವೆಲ್ಲಿ, ವಾಪಸ್ ಬರುವುದು ಯಾವಾಗ ಎಂದು ರಾಯಭಾರ ಕಚೇರಿಯವರು ಮೊದಲೇ ಕೇಳಿ, ಕಾಗದ ನೋಡಿ ಹೂಂ ಅನ್ನುತ್ತಾರೆ. ವೀಸಾ ಬೇಡದ ದೇಶವೂ ಅದೇ ಪ್ರಶ್ನೆಗಳನ್ನು ಕೇಳುತ್ತದೆ. ಕೇಳುವುದು ಮಾತ್ರ ಅಲ್ಲಿ ಇಳಿದ ಮೇಲೆ, ಇಮಿಗ್ರೇಷನ್ ಕೌಂಟರಿನಲ್ಲಿ. ನಿದ್ದೆಗೆಟ್ಟ ಕಣ್ಣಿನಲ್ಲಿ, ಹಿಂದೆ ನೂರು ಜನರ ಸಾಲು ಇರುವಾಗ, ಎರಡು ಮೂರು ನಿಮಿಷದಲ್ಲಿ ಉತ್ತರ ಕೊಡಬೇಕು. ಹಾಗಾಗಿ ವೀಸಾ ಅರ್ಜಿಗೆ ಜೋಡಿಸುತ್ತಿದ್ದ ಫೈಲನ್ನೇ ಜೋಡಿಸಿ ಕೈಚೀಲದಲ್ಲಿ ಇಟ್ಟುಕೊಂಡು ಹೋಗುವವರು ಸುಖವಾಗಿ ಹೋಗಿ ಬರುತ್ತಾರೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡ ಯಜಮಾನ, ಆತನ ಹೆಂಡತಿ, ಆರನೇ ತರಗತಿಯ ಮಗ, 68 ವರ್ಷದ ಅಜ್ಜಿ, ಜೊತೆಗೆ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮಗ್ಗ ನೋಡಿಕೊಳ್ಳುವ ಭಾಮೈದ. ಐದು ಜನ, ಐದು ದಿನ, ಮಲೇಷ್ಯಾ. ಘಾಟಿ ಸುಬ್ರಹ್ಮಣ್ಯನಿಗೆ ನಡೆದುಕೊಳ್ಳುವ ಒಕ್ಕಲು. ಬಾಟು ಕೇವ್ಸ್‌ನ ಸುಬ್ರಹ್ಮಣ್ಯನನ್ನೂ ಒಮ್ಮೆ ನೋಡಿ ಬರಬೇಕೆಂಬುದು ಅಜ್ಜಿಯ ಆಸೆ. ಇವರು ಏನೇನು ಮಾಡಿಕೊಳ್ಳಬೇಕು?

ಮೊದಲು ದೇಶ

‘ವೀಸಾ ಬೇಡ’ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಯ ದೇಶಗಳಿವೆ.

ನೇಪಾಳಕ್ಕೆ ಪಾಸ್‌ಪೋರ್ಟ್ ಕೂಡ ಕಡ್ಡಾಯವಲ್ಲ, ಚುನಾವಣಾ ಗುರುತಿನ ಚೀಟಿ ಸಾಕು. ಆದರೆ ಎಲ್ಲದಕ್ಕೂ ನಡೆಯುವ ಆಧಾರ್ ಇಲ್ಲಿ ನಡೆಯುವುದಿಲ್ಲ. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದವರಿಗೆ ಮಾತ್ರ ಅದರ ವಿನಾಯಿತಿ. ಮತದಾರರ ಚೀಟಿಯೂ ಇಲ್ಲದೆ, ಪಾಸ್‌ಪೋರ್ಟೂ ಇಲ್ಲದೆ ಆಧಾರ್ ಹಿಡಿದು ಹೊರಟ ಮೂವತ್ತರ ಯುವಕನಿಗೆ ಬೋರ್ಡಿಂಗ್ ಪಾಸ್ ಸಿಗದು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕ ಮೂಲದವರು ಎಂಬ ಕಾರಣಕ್ಕೆ ನಮ್ಮವರಿಗೆ ಆ ಊರು ಸ್ವಲ್ಪ ಹೆಚ್ಚೇ ಆಪ್ತ. ಭೂತಾನಿಗೂ ವೀಸಾ ಇಲ್ಲ, ಪ್ರವೇಶ ಪರವಾನಗಿ ಇದೆ. ಜೊತೆಗೆ ಭಾರತೀಯರು ಒಂದು ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಮಕ್ಕಳಿಗೆ ರಿಯಾಯಿತಿ ಉಂಟು.

ಮಾಲ್ದೀವ್ಸ್‌ನಲ್ಲಿ ಇಳಿದ ಮೇಲೆ ವೀಸಾವನ್ನು ಪುಕ್ಕಟೆಯಾಗಿ ಒತ್ತಿಕೊಡುತ್ತಾರೆ, ಹೋಟೆಲ್ ಬುಕಿಂಗ್ ತೋರಿಸಬೇಕು. ಕಜಕಸ್ತಾನ ಒಮ್ಮೆಗೆ 14 ದಿನ ಬಿಟ್ಟುಕೊಳ್ಳುತ್ತದೆ. ಫಿಲಿಪ್ಪೀನ್ಸ್ 2025ರ ಜೂನ್‌ನಿಂದ 14 ದಿನ ಕೊಟ್ಟಿದೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನದ ಪ್ರವಾಸಕ್ಕೆ ವೀಸಾ ತೆಗೆದುಹಾಕಿ, ಅದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಥಾಯ್ಲೆಂಡ್ 2023ರ ನವೆಂಬರ್ 10ರಿಂದ 30 ದಿನ ಎಂದು ಶುರುಮಾಡಿ, 2024ರ ಜುಲೈ 15ರಂದು ಅದನ್ನು 60 ದಿನಕ್ಕೆ ಏರಿಸಿತು.

ದಿನಾಂಕಗಳನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ಸವಲತ್ತುಗಳು ಬಂದ ಹಾಗೆಯೇ ಹೋಗುತ್ತವೆ. ಸರ್ಬಿಯಾ ಭಾರತೀಯರಿಗೆ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು 2023ರ ಜನವರಿ 1ರಂದು ನಿಲ್ಲಿಸಿತು. ಇರಾನ್ 2024ರ ಫೆಬ್ರುವರಿಯಲ್ಲಿ ಕೊಟ್ಟದ್ದನ್ನು 2025ರ ನವೆಂಬರ್ 22ರಿಂದ ತಡೆಹಿಡಿಯಿತು. ವೀಸಾ ಬೇಡವೆಂಬ ಆಸೆ ತೋರಿಸಿ ಭಾರತೀಯರನ್ನು ಕರೆಸಿಕೊಂಡು ಅಪಹರಿಸಿದ ಪ್ರಕರಣಗಳು ಅದಕ್ಕೆ ಕಾರಣವಾಗಿದ್ದವು. ಹೋದ ವರ್ಷ ಹೋಗಿಬಂದ ನೆಂಟರ ಮಾತು ಈ ವರ್ಷಕ್ಕೆ ಪ್ರಮಾಣವಲ್ಲ. ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ಎರಡು ಸಲ ನೋಡಬೇಕು: ಟಿಕೆಟ್ ಕೊಳ್ಳುವ ಹಿಂದಿನ ದಿನ ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ.

ಬೀರುವಿನಲ್ಲಿರುವ ಪಾಸ್‌ಪೋರ್ಟ್

ಹೆಚ್ಚಿನ ದೇಶಗಳು ಇಳಿಯುವ ದಿನದಿಂದ ಮುಂದಕ್ಕೆ ಆರು ತಿಂಗಳಾದರೂ ಪಾಸ್‌ಪೋರ್ಟ್ ಊರ್ಜಿತವಾಗಿರಬೇಕು ಎನ್ನುತ್ತವೆ. ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ ಆಯಸ್ಸು. ಮಕ್ಕಳದ್ದಕ್ಕೆ ಸಾಮಾನ್ಯವಾಗಿ 5 ವರ್ಷ. ಮನೆಮಂದಿಯೆಲ್ಲ ಒಂದೇ ದಿನ ಮಾಡಿಸಿದ್ದರೂ ಮಗನದ್ದು ಮೊದಲು ಮುಗಿಯುತ್ತದೆ, ಅದರಲ್ಲೂ ಕೊನೆಯ ಆರು ತಿಂಗಳು ಲೆಕ್ಕಕ್ಕಿಲ್ಲ. ನಮ್ಮ ಪವರ್‌ಲೂಮ್ ಕುಟುಂಬ ಮೊದಲು ತೆರೆದು ನೋಡಬೇಕಾದ್ದು ಮಗನ ಪುಸ್ತಕವನ್ನೇ.

ಹೊಸದು ಮಾಡಿಸುವುದಾದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಲಾಲ್‌ಬಾಗ್ ರಸ್ತೆಯ ಅಥವಾ ಮಾರತ್ತಹಳ್ಳಿಯ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು. 36 ಪುಟದ ಪುಸ್ತಕಕ್ಕೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000. ಹೊಸದಾಗಿ ಮಾಡಿಸುವ ಹಿರಿಯರಿಗೂ ಪುಟ್ಟ ಮಕ್ಕಳಿಗೂ ಶೇ 10 ರಿಯಾಯಿತಿ. ತತ್ಕಾಲ್ ಬೇಕೆಂದರೆ ಮೇಲೆ 2,000. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನದ ದಾಖಲೆ. ಪೊಲೀಸ್ ಪರಿಶೀಲನೆ ಊರಿನ ಠಾಣೆಯಿಂದಲೇ ನಡೆಯುವುದರಿಂದ, ಬಾಡಿಗೆ ಮನೆ ಬದಲಿಸಿದವರು ಈಗ ವಾಸವಿರುವ ವಿಳಾಸವನ್ನೇ ಕೊಡುವುದು ಒಳ್ಳೆಯದು.

ನಮ್ಮ ಸೀಮೆಯ ದೊಡ್ಡ ತಲೆನೋವು ಹೆಸರು. ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಸರ್‌ನೇಮ್ ಎಂಬುದೇ ಇಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಇಡೀ ಹೆಸರಾಗಿರುತ್ತದೆ. ಟಿಕೆಟ್ಟಿಗೆ ಬರೆಸಬೇಕಾದ್ದು ಪಾಸ್‌ಪೋರ್ಟಿನಲ್ಲಿ ಇರುವಂತೆ, ಅಕ್ಷರಕ್ಕೆ ಅಕ್ಷರ. ಸರ್‌ನೇಮ್ ಜಾಗ ಖಾಲಿ ಇದ್ದರೆ ಬುಕಿಂಗ್ ಫಾರಂನಲ್ಲಿ ಏನು ತುಂಬಬೇಕು ಎಂಬುದಕ್ಕೆ ಒಂದೊಂದು ವಿಮಾನ ಕಂಪನಿಯದು ಒಂದೊಂದು ಪದ್ಧತಿ, ಮೊದಲೇ ಕೇಳಿಕೊಳ್ಳಬೇಕು. ಇದು ಸಣ್ಣ ವಿಷಯವೇನಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ಪ್ರಕಟಿಸಿದಾಗ ದಕ್ಷಿಣ ಭಾರತದ ಎಷ್ಟೋ ಮಂದಿ ಗಾಬರಿಯಾಗಿದ್ದರು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪಬಹುದು ಎಂಬ ಸಡಿಲಿಕೆ ಆಮೇಲೆ ಬಂತು.

ಇನ್ನು ಭಾಮೈದನ ವಿಚಾರ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಹಿಂಭಾಗದಲ್ಲಿ ‘ಇಸಿಆರ್’ ಎಂದು ಮುದ್ರಿಸಿರುತ್ತಾರೆ, ಅಂದರೆ ವಲಸೆ ತಪಾಸಣೆ ಬೇಕು ಎಂದು. 1983ರ ವಲಸೆ ಕಾಯ್ದೆಯ ಕೆಳಗೆ ಹೀಗೆ ತಪಾಸಣೆ ಬೇಕಾದ ದೇಶಗಳು 18. ಕೊಲ್ಲಿ ರಾಷ್ಟ್ರಗಳ ಜೊತೆ ಮಲೇಷ್ಯಾ, ಥಾಯ್ಲೆಂಡ್, ಇಂಡೊನೇಷ್ಯಾ ಕೂಡ ಆ ಪಟ್ಟಿಯಲ್ಲಿವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕೆಲಸಕ್ಕೆಂದು ಹೊರಟರೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಪ್ರವಾಸಕ್ಕೆ ಬೇಡ. ಆದರೂ ನಮ್ಮ ಇಮಿಗ್ರೇಷನ್ ಅಧಿಕಾರಿ ಆತನನ್ನು ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಿಯೇ ಕೇಳುತ್ತಾರೆ, ಕೇಳುವುದು ಅವರ ಕೆಲಸ. ವಾಪಸ್ ಟಿಕೆಟ್, ಹೋಟೆಲ್ ಕಾಗದ, ಅಕ್ಕ ಭಾವ ಜೊತೆಗಿದ್ದಾರೆ ಎಂಬುದು ಇಷ್ಟಿದ್ದರೆ ಮುಗಿಯಿತು. ಆದಾಯ ತೆರಿಗೆ ಕಟ್ಟುವವರು ಪಾಸ್‌ಪೋರ್ಟ್ ನವೀಕರಿಸುವಾಗ ಅದರ ದಾಖಲೆ ಕೊಟ್ಟು ಈ ಮುದ್ರೆಯನ್ನು ತೆಗೆಸಿಕೊಳ್ಳಬಹುದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಈ ತೊಂದರೆಯೇ ಇಲ್ಲ. 50 ವರ್ಷ ದಾಟಿದವರಿಗೆ ಇಸಿಆರ್ ಅನ್ವಯಿಸುವುದಿಲ್ಲ.

ಪಾಸ್‌ಪೋರ್ಟಿನ ಮೇಲೆ ಫೋನ್ ನಂಬರ್ ಗೀಚುವುದು, ಪುಟಕ್ಕೆ ಪಿನ್ ಹೊಡೆಯುವುದು ಬೇಡ. ಪುಟ ಹರಿಯುವುದಂತೂ ಅಪರಾಧ. ಬ್ಯಾಂಕಾಕಿಗೆ ಹೋಗಿಬಂದದ್ದು ಮನೆಯವರಿಗೆ ಗೊತ್ತಾಗಬಾರದೆಂದು ಮುದ್ರೆಯಿದ್ದ ಪುಟಗಳನ್ನು ಕಿತ್ತ ನಡುವಯಸ್ಸಿನ ವ್ಯಕ್ತಿಯೊಬ್ಬರು 2025ರ ಏಪ್ರಿಲ್‌ನಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ಪೊಲೀಸರ ಅತಿಥಿಯಾದರು.

ಫೈಲಿನೊಳಗೆ

ಪ್ಲಾಸ್ಟಿಕ್ ಫೋಲ್ಡರ್ ಒಂದು, ಅದರಲ್ಲಿ ಐದು ಬಗೆಯ ಕಾಗದ. ಹೋಗುವ ಮತ್ತು ಬರುವ ಟಿಕೆಟ್. ಎಲ್ಲ ರಾತ್ರಿಗಳಿಗೂ ಹೋಟೆಲ್ ಬುಕಿಂಗ್, ವಿಳಾಸ ಕಾಣುವಂತೆ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಪ್ರವಾಸ ವಿಮೆಯ ಪಾಲಿಸಿ. ಆ ದೇಶದ ಡಿಜಿಟಲ್ ಆಗಮನ ಕಾರ್ಡಿನ ಪ್ರತಿ. ಮೊಬೈಲಿನಲ್ಲಿ ಎಲ್ಲವೂ ಇದ್ದರೂ ಕಾಗದ ಬೇಕು. ಇಳಿದ ಕೂಡಲೇ ನೆಟ್‌ವರ್ಕ್ ಸಿಗುತ್ತದೆಂಬ ಖಾತರಿಯಿಲ್ಲ, ಸಾಲಿನಲ್ಲಿ ನಿಂತಾಗಲೇ ಬ್ಯಾಟರಿ ಸಾಯುತ್ತದೆ.

ಅರ್ಧಕ್ಕರ್ಧ ಜನ ಮರೆಯುವುದು ಕೊನೆಯದನ್ನು. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡನ್ನು ಕಡ್ಡಾಯ ಮಾಡಿದೆ. ಮಲೇಷ್ಯಾದ್ದು ಅದಕ್ಕೂ ಹಳೆಯದು. ಎರಡನ್ನೂ ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ತಲೆಗೊಂದರಂತೆ, ಮಗುವಿಗೂ. ಮಾಲ್ದೀವ್ಸ್‌ಗೆ 96 ಗಂಟೆಯೊಳಗೆ. ಇವೆಲ್ಲ ಪುಕ್ಕಟೆ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಕಾಣುವ ಜಾಹೀರಾತಿನ ತಾಣಗಳು ಸರ್ಕಾರಿ ತಾಣದಂತೆಯೇ ವೇಷ ಹಾಕಿಕೊಂಡು ತಲೆಗೆ ಎರಡು ಮೂರು ಸಾವಿರ ಕೀಳುತ್ತವೆ. ದುಡ್ಡು ಕೇಳುವ ಆಗಮನ ಕಾರ್ಡು ಕಂಡರೆ ಅಲ್ಲಿಂದ ಎದ್ದು ಬರುವುದೇ ಸರಿ.

ವಾಪಸ್ ಟಿಕೆಟ್ ಇಲ್ಲದವರನ್ನು ವಿಮಾನ ಕಂಪನಿಯವರೇ ದೇವನಹಳ್ಳಿಯಲ್ಲಿ ತಡೆಯುತ್ತಾರೆ. ಅವರಿಗೇನು ಚಿಂತೆ ಎಂದರೆ, ಒಳಗೆ ಬಿಟ್ಟುಕೊಳ್ಳದ ಪ್ರಯಾಣಿಕನನ್ನು ವಾಪಸ್ ಕರೆತರುವ ಹೊಣೆ ಕರೆದೊಯ್ದ ಕಂಪನಿಯದೇ. ಮಲೇಷ್ಯಾದಲ್ಲಿ ಹೀಗೆ ತಿರುಗಿಸಿ ಕಳುಹಿಸುವುದಕ್ಕೆ ‘ನಾಟ್ ಟು ಲ್ಯಾಂಡ್’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಪ್ರವಾಸ ನಿಲ್ದಾಣದ ಕೋಣೆಯೊಂದರಲ್ಲೇ ಮುಗಿಯುತ್ತದೆ.

ದುಡ್ಡಿನ ಲೆಕ್ಕ

ಒಂದು ಪ್ರವಾಸಕ್ಕೆ ತಲಾ 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. ಭಾರತದ ನೋಟು 25,000 ರೂಪಾಯಿವರೆಗೆ ಜೇಬಿನಲ್ಲಿರಬಹುದು. ಆದರೆ ಅಲ್ಲಿ ಅದನ್ನು ಬದಲಿಸಹೊರಟರೆ ನಷ್ಟ. ವಾಪಸ್ ಬಂದ ಮೇಲೆ ಮನೆಗೆ ಹೋಗುವ ಟ್ಯಾಕ್ಸಿಗಷ್ಟು ಇದ್ದರೆ ಸಾಕು. ರಿಂಗಿಟ್ಟೋ ಬಾತೋ ಊರಿನಲ್ಲೇ ಬ್ಯಾಂಕಿನಿಂದ ಅಥವಾ ಪರವಾನಗಿ ಇರುವ ವಿನಿಮಯದ ಅಂಗಡಿಯಿಂದ ಪಡೆದು, ರಸೀದಿ ಇಟ್ಟುಕೊಳ್ಳಬೇಕು. ವಿಮಾನ ನಿಲ್ದಾಣದೊಳಗಿನ ಕೌಂಟರಿನ ದರ ಸಾಮಾನ್ಯವಾಗಿ ದುಬಾರಿ.

ಥಾಯ್ಲೆಂಡಿನಲ್ಲಿ ಖರ್ಚಿಗೆ ಹಣ ತೋರಿಸಿ ಎಂದು ಕೇಳುವ ಹಕ್ಕು ಅಧಿಕಾರಿಗಿದೆ. ತಲಾ 20,000 ಬಾತ್ ಅಥವಾ ಅದಕ್ಕೆ ಸಮನಾದ ಹಣ ಕೈಯಲ್ಲಿದ್ದರೆ ತಲೆಬಿಸಿಯಿಲ್ಲ.

ನಮ್ಮ ಎಟಿಎಂ, ಕ್ರೆಡಿಟ್ ಕಾರ್ಡುಗಳು ಹೊರದೇಶದಲ್ಲಿ ತಾವಾಗಿಯೇ ಕೆಲಸ ಮಾಡುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡು ದೇಶದೊಳಗಿನ ವಹಿವಾಟಿಗೆ ಮಾತ್ರ ತೆರೆದಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆಯ ಗುಂಡಿ ಒತ್ತಿ, ಮಿತಿ ಹಾಕಿಕೊಳ್ಳಬೇಕು. ಒಟಿಪಿ ಬರುವ ಸಿಮ್ಮನ್ನು ತೆಗೆದಿಡಬಾರದು, ರೋಮಿಂಗ್ ಚಾಲೂ ಮಾಡಿಸಿಕೊಂಡು ಫೋನಿನಲ್ಲೇ ಇಟ್ಟಿರಬೇಕು. ಫೋನ್‌ಪೇ, ಗೂಗಲ್‌ಪೇ ನಂಬಿ ಬರಿಗೈಯಲ್ಲಿ ಹೊರಡುವ ಹುಡುಗರಿಗೆ ಒಂದು ಮಾತು: ಯುಪಿಐ ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್‌ನಂಥ ಕೆಲವು ದೇಶಗಳಲ್ಲಿ ನಡೆಯುತ್ತದೆ. ಅಲ್ಲಿಯೂ ಎಲ್ಲ ಅಂಗಡಿಯಲ್ಲಿ ಅಲ್ಲ.

ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂದು ಒಂದಷ್ಟು ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.

ಸೂಟ್‌ಕೇಸಿನ ತಕರಾರು

ಅಜ್ಜಿ ಮೊದಲು ಕಟ್ಟಿಡುವುದು ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ. ಇವಕ್ಕೆ ಅಡ್ಡಿಯಿಲ್ಲ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಹೋಗವು, ಚೆಕ್-ಇನ್ ಬ್ಯಾಗಿಗೆ ಹಾಕಬೇಕು, ಸೋರದಂತೆ ಎರಡು ಕವರ್ ಸುತ್ತಿ. ಕೈಚೀಲದ ದ್ರವ ಪದಾರ್ಥಗಳಿಗೆ ಒಂದೊಂದು ಬಾಟಲಿಗೆ 100 ಮಿಲಿಲೀಟರ್ ಮಿತಿ. ದೇವರಿಗೆಂದು ಇಡುವ ಇಡೀ ಒಣಕೊಬ್ಬರಿಯನ್ನು ಮಾತ್ರ ಮನೆಯಲ್ಲೇ ಬಿಡಬೇಕು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದೆಂದು ಅದನ್ನು ಅಪಾಯಕಾರಿ ಸರಕುಗಳ ಸಾಲಿಗೆ ಸೇರಿಸಿದ್ದಾರೆ. ಸ್ಕ್ಯಾನರ್‌ನಲ್ಲಿ ಕಂಡರೆ ಬ್ಯಾಗು ಬಿಚ್ಚಿಸುತ್ತಾರೆ.

ಗಸಗಸೆಯೂ ಹಾಗೆಯೇ. ನಮಗೆ ಅದು ಹಬ್ಬದ ಪಾಯಸ. ಯುಎಇ, ಸಿಂಗಪುರದಲ್ಲಿ ಅಫೀಮಿನ ಗಿಡದ ಬೀಜವೆಂದು ನಿಷಿದ್ಧ. ಮಸಾಲೆ ಪೊಟ್ಟಣದಲ್ಲಿ ಒಂದು ಹಿಡಿ ಇದ್ದರೂ ಉತ್ತರ ಹೇಳಬೇಕಾಗುತ್ತದೆ. ಕ್ವಾಲಾಲಂಪುರದಿಂದ ಸಿಂಗಪುರಕ್ಕೂ ಒಮ್ಮೆ ಹೋಗಿಬರೋಣ ಎನ್ನುವವರು, ಅಲ್ಲಿಗೆ ವೀಸಾ ಬೇಕೆಂಬುದನ್ನೂ ಗಸಗಸೆ ಬೇಡವೆಂಬುದನ್ನೂ ಒಟ್ಟಿಗೆ ನೆನಪಿಡಬೇಕು. ಮಾಲ್ದೀವ್ಸ್‌ಗೆ ಹೋಗುವವರು ಪೂಜೆಯ ವಿಗ್ರಹ, ಮದ್ಯ ಎರಡನ್ನೂ ಒಯ್ಯುವಂತಿಲ್ಲ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲಿ, ಅವುಗಳ ಮೂಲ ಪಟ್ಟಿಯಲ್ಲೇ ಇರಲಿ, ವೈದ್ಯರ ಚೀಟಿಯ ಜೊತೆ. ಡಬ್ಬಿಗೆ ಸುರಿದಿಟ್ಟ ಮಾತ್ರೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಪವರ್‌ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹೋಗಬಾರದು, ಕೈಯಲ್ಲೇ ಇರಬೇಕು. ವಿಮಾನದೊಳಗೆ ಅದನ್ನು ಬಳಸುವುದನ್ನೇ ಕೆಲವು ಕಂಪನಿಗಳು ನಿಷೇಧಿಸಿವೆ. ಥಾಯ್ ಏರ್‌ವೇಸ್ 2025ರ ಮಾರ್ಚ್‌ನಲ್ಲಿ ಹಾಗೆ ಮಾಡಿತು. ಮಲೇಷ್ಯಾದ ಪ್ಲಗ್ಗಿಗೆ ಚೌಕದ ಮೂರು ಕಡ್ಡಿ. ನಮ್ಮ ಚಾರ್ಜರ್ ಹೊಂದುವುದಿಲ್ಲ, ಅಡಾಪ್ಟರ್ ಬೇಕು.

ಒಡವೆಯ ಬಗ್ಗೆ ಹೆಂಗಸರಿಗೆ ಹೇಳಬೇಕಾದ್ದೊಂದಿದೆ. ಮಾಂಗಲ್ಯ, ಓಲೆಯಂಥ ದಿನಬಳಕೆಯದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಲಾಂಗ್ ಚೈನು, ನೆಕ್ಲೇಸು, ಬಳೆ ಎಂದು ಹತ್ತಾರು ಪವನ್ ಹೇರಿಕೊಂಡು ಹೊರಟರೆ, ಬರುವಾಗ ಇದು ಇಲ್ಲಿಂದಲೇ ಹೋದದ್ದೆಂದು ಸಾಬೀತು ಮಾಡುವ ಹೊರೆ ಅವರದೇ. ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬೇಕು, ಇಲ್ಲವೇ ಬ್ಯಾಂಕ್ ಲಾಕರಿನಲ್ಲಿ ಬಿಟ್ಟುಹೋಗಬೇಕು. ಎರಡನೆಯದು ಸುಲಭ.

ಟಿ-2ರ ಬಾಗಿಲಲ್ಲಿ

ವಿಮಾನ ನಿಲ್ದಾಣ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಬೆಂಗಳೂರಿನೊಳಕ್ಕೆ ಹೋಗಿ ಬಳಸಿ ಬರುವ ಅಗತ್ಯವಿಲ್ಲ. ನೆಲಮಂಗಲ ಕಡೆಯವರು ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ, ಹೊಸಕೋಟೆಯವರು ಸೂಲಿಬೆಲೆ ದಿಕ್ಕಿನಿಂದ, ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹಿಡಿದು ದೇವನಹಳ್ಳಿ ಸೇರಬಹುದು. ವಿಮಾನ ನಿಲ್ದಾಣಕ್ಕೆ 2021ರಿಂದ ರೈಲಿನ ಹಾಲ್ಟ್ ಕೂಡ ಇದೆ, ಆದರೆ ಗಾಡಿಗಳು ಕಡಿಮೆ. ನಡುರಾತ್ರಿಯ ವಿಮಾನಕ್ಕೆ ಅದನ್ನು ನಂಬಲಾಗದು.

ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್ 12ರಿಂದ ಟರ್ಮಿನಲ್-2ಕ್ಕೆ ಬಂದಿವೆ, ಬಿದಿರು ಹೆಣೆದ ಚಾವಣಿ, ತೂಗುಬಿಟ್ಟ ಗಿಡಗಳ ಕಟ್ಟಡಕ್ಕೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಚೆಕ್-ಇನ್ ಕೌಂಟರ್ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ರಾತ್ರಿ 12.30ರ ವಿಮಾನವೆಂದರೆ ಮನೆ ಬಿಡುವುದು ಹಿಂದಿನ ದಿನ ರಾತ್ರಿ. ತಾರೀಖು ತಪ್ಪಿ ಮರುದಿನ ರಾತ್ರಿ ಬಂದು ನಿಂತವರ ಕಥೆಗಳು ಟ್ಯಾಕ್ಸಿ ಚಾಲಕರ ಬಳಿ ಬೇಕಾದಷ್ಟಿವೆ. ಡಿಜಿಯಾತ್ರಾ ಆ್ಯಪ್ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಬೀಳ್ಕೊಡಲು ಟೆಂಪೊ ಟ್ರಾವೆಲರ್ ತುಂಬ ಬರುವ ನೆಂಟರು ಬಾಗಿಲ ಆಚೆಗೇ ನಿಲ್ಲಬೇಕು. ಆರತಿ, ಹಾರ ಮನೆಯಲ್ಲೇ ಮುಗಿಸಿದರೆ ಸಮಯ ಉಳಿಯುತ್ತದೆ.

ನಮ್ಮ ದೇಶದ ಇಮಿಗ್ರೇಷನ್‌ನಲ್ಲಿ ಭಾರತೀಯರು ನಿರ್ಗಮನ ಫಾರಂ ತುಂಬುವುದು 2017ರ ಜುಲೈ 1ರಂದೇ ನಿಂತಿದೆ. ಪದೇಪದೇ ಹೋಗಿಬರುವವರಿಗೆ ಇನ್ನೊಂದು ಅನುಕೂಲವಿದೆ. 2025ರ ಜನವರಿ 16ರಿಂದ ಬೆಂಗಳೂರಿನಲ್ಲೂ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ ಬಂದಿದೆ. ಆನ್‌ಲೈನ್‌ನಲ್ಲಿ ಒಮ್ಮೆ ನೋಂದಾಯಿಸಿ ಬೆರಳಚ್ಚು ಕೊಟ್ಟರೆ, ಮುಂದೆ ಇ-ಗೇಟ್‌ನಲ್ಲಿ ಪಾಸ್‌ಪೋರ್ಟ್ ಇಟ್ಟು ದಾಟಬಹುದು. ಶುಲ್ಕವಿಲ್ಲ.

ಇಳಿದ ಮೇಲೆ

ಕ್ವಾಲಾಲಂಪುರದಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ, ಬ್ಯಾಂಕಾಕ್‌ನಲ್ಲಿ ಒಂದೂವರೆ ಗಂಟೆ. ಬ್ಯಾಂಕಾಕ್‌ನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಒಳಗೆ ಸಮುದ್ರ ಮಥನದ ದೊಡ್ಡ ಶಿಲ್ಪವಿದೆ, ಅಜ್ಜಿಯಂಥವರಿಗೆ ಅಲ್ಲಿಯೇ ಅರ್ಧ ಪರಕೀಯತೆ ಕಳೆಯುತ್ತದೆ.

ಕೌಂಟರಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಹೋಗಬೇಕು, ಫೈಲು ಯಜಮಾನನ ಕೈಯಲ್ಲಿ. ಪ್ರಶ್ನೆಗಳು ಮೂರೇ: ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇಳಿಯುತ್ತೀರಿ. ‘ಟೂರಿಸ್ಟ್, ಫೈವ್ ಡೇಸ್’ ಎಂದು ಹೋಟೆಲ್ ಕಾಗದ ಮುಂದಿಟ್ಟರೆ ಮುಗಿಯಿತು. ಇಂಗ್ಲಿಷ್ ಬಾರದೆಂದು ನಾಚಬೇಕಿಲ್ಲ. ತಮಾಷೆ ಮಾಡಬಾರದು, ಇಲ್ಲದ್ದನ್ನು ಹೇಳಬಾರದು. ‘ಕೆಲಸ ಸಿಕ್ಕರೆ ನೋಡೋಣ’ ಎಂದು ಭಾಮೈದ ಬಾಯಿತಪ್ಪಿ ಅಂದರೂ ಕೆಟ್ಟಿತು. ಮುದ್ರೆ ಬಿದ್ದ ಕೂಡಲೇ ಅದರಲ್ಲಿ ಬರೆದ ಕೊನೆಯ ದಿನಾಂಕ ನೋಡಿಕೊಳ್ಳಬೇಕು.

ಬಾಟು ಕೇವ್ಸ್‌ಗೆ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಲೋಕಲ್ ರೈಲಿದೆ. ಇಳಿದರೆ ಎದುರಿಗೇ 2006ರಲ್ಲಿ ನಿಲ್ಲಿಸಿದ 140 ಅಡಿಯ ಬಂಗಾರ ಬಣ್ಣದ ಮುರುಗ. ಹಿಂದೆ ಗುಹೆಗೆ 272 ಮೆಟ್ಟಿಲು, 2018ರಲ್ಲಿ ಬಳಿದ ಕಾಮನಬಿಲ್ಲಿನ ಬಣ್ಣ. ಘಾಟಿಯಲ್ಲಿ ಸುಬ್ರಹ್ಮಣ್ಯನೂ ನರಸಿಂಹನೂ ಒಂದೇ ಕಲ್ಲಿನಲ್ಲಿ, ಹಿಂದಿನ ಮೂರ್ತಿಯನ್ನು ಕನ್ನಡಿಯಲ್ಲಿ ನೋಡಬೇಕು. ಇಲ್ಲಿ ದೇವರು ಮೈಲಿ ದೂರಕ್ಕೇ ಕಾಣುತ್ತಾನೆ. ಮಂಡಿನೋವಿನ ಅಜ್ಜಿಯನ್ನು ಮೆಟ್ಟಿಲು ಹತ್ತಿಸುವ ಹಟ ಬೇಡ, ಕೆಳಗೂ ಗುಡಿಗಳಿವೆ. ಮಂಗಗಳು ನಂದಿಬೆಟ್ಟದವಕ್ಕಿಂತ ಸಭ್ಯವೇನಲ್ಲ, ಮಗನ ಕೈಯ ಚಿಪ್ಸ್ ಪೊಟ್ಟಣ ಒಳಗಿರಲಿ. ಮೊಣಕಾಲು ಮುಚ್ಚುವ ಬಟ್ಟೆ ಇಲ್ಲಿಯೂ ಬೇಕು, ಬ್ಯಾಂಕಾಕ್‌ನ ಅರಮನೆಯಲ್ಲೂ ಬೇಕು. ಥಾಯ್ಲೆಂಡಿನಲ್ಲಿ ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡುವುದು ಜೈಲಿಗೆ ಹೋಗುವ ಅಪರಾಧ. ತೊಂದರೆಯಾದರೆ ಅಲ್ಲಿನ ಪ್ರವಾಸಿ ಪೊಲೀಸರ ಸಂಖ್ಯೆ 1155.

ಮಲೇಷ್ಯಾದ ಹೋಟೆಲಿನವರು ವಿದೇಶಿಯರಿಂದ ಒಂದು ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸ ತೆರಿಗೆ ಕೇಳುತ್ತಾರೆ. ಅದು ಮೋಸವಲ್ಲ, ಸರ್ಕಾರದ ನಿಯಮ.

‘ಟೂರಿಸ್ಟ್ ಆಗಿ ಬಾ, ಕೆಲಸ ಕೊಡಿಸ್ತೀನಿ’

ವೀಸಾ ವಿನಾಯಿತಿಯ ಕರಾಳ ಮುಖ ಇದು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ಲಕ್ಷ, ವೀಸಾ ರಗಳೆಯಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕರೆ ಬರುತ್ತದೆ. ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆಯ ಬೇಲಿ ಸುತ್ತಿದ ಕಟ್ಟಡಗಳಿಗೆ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಸೈಬರ್ ವಂಚನೆಯ ಕೆಲಸಕ್ಕೆ ಕೂರಿಸುತ್ತಾರೆ. ವಿದೇಶಾಂಗ ಸಚಿವಾಲಯ 2022ರಿಂದಲೂ ಎಚ್ಚರಿಸುತ್ತ ಬಂದಿದೆ. 2025ರ ಮಾರ್ಚ್ 10ರಂದು ಥಾಯ್ಲೆಂಡಿನ ಮೇ ಸೊಟ್‌ನಿಂದ 283 ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ಪ್ರವಾಸಕ್ಕೆ ಕೊಟ್ಟ ವಿನಾಯಿತಿಯಲ್ಲಿ ದುಡಿಯುವ ಹಕ್ಕಿಲ್ಲ. ಕೆಲಸ ಕೊಡಿಸುವ ಏಜೆಂಟ್ ನೋಂದಾಯಿತನೋ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅನುಮಾನವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಪುಕ್ಕಟೆ ಕರೆ ಮಾಡಬಹುದು.

ಬರುವಾಗ

ಬ್ಯಾಂಕಾಕ್‌ನಿಂದ ಬರುವ ಬ್ಯಾಗುಗಳ ಮೇಲೆ ದೇವನಹಳ್ಳಿಯ ಕಸ್ಟಮ್ಸ್‌ನವರ ಕಣ್ಣು ಜಾಸ್ತಿ, ಸುಮ್ಮನೆ ಅಲ್ಲ. 2023ರ ಆಗಸ್ಟ್‌ನಲ್ಲಿ ಇಲ್ಲಿ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ ಸತ್ತ ಕಾಂಗರೂ ಮರಿಯೂ ಸೇರಿ 234 ಕಾಡುಪ್ರಾಣಿಗಳು ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಇನ್ನೊಬ್ಬನ ಚೆಕ್-ಇನ್ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾ ಹಾವುಗಳು. ಹೈಡ್ರೋಪೋನಿಕ್ ಗಾಂಜಾ ಸಿಗುವುದಂತೂ ಮತ್ತೆ ಮತ್ತೆ ಸುದ್ದಿ. ಗಾಂಜಾದ ಬಗ್ಗೆ ಥಾಯ್ಲೆಂಡಿನ ಕಾನೂನು 2022ರಲ್ಲಿ ಸಡಿಲವಾಗಿ 2025ರಲ್ಲಿ ಮತ್ತೆ ಬಿಗಿಯಾಯಿತು. ನಮ್ಮಲ್ಲಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಅದು ಅಪರಾಧವೇ. ‘ಅಣ್ಣಾ, ಈ ಪೊಟ್ಟಣ ಬೆಂಗಳೂರಲ್ಲಿ ನಮ್ಮವರಿಗೆ ಕೊಟ್ಟುಬಿಡಿ’ ಎಂದು ಅಪರಿಚಿತ ಕೈಮುಗಿದರೂ ಒಪ್ಪಬಾರದು. ಬ್ಯಾಗು ಯಾರದೋ ಎಂಬ ಮಾತನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಸುಲಭವಲ್ಲ.

ಬಟ್ಟೆ, ಆಟಿಕೆ, ಚಾಕೊಲೇಟಿಗೆ ಸುಂಕರಹಿತ ಮಿತಿ ಇದೆ, ಮೊತ್ತ ಆಗಾಗ ಬದಲಾಗುತ್ತದೆ, ಕಸ್ಟಮ್ಸ್ ತಾಣದಲ್ಲಿ ನೋಡಿಕೊಳ್ಳಬೇಕು. ಮದ್ಯ 2 ಲೀಟರ್, ಸಿಗರೇಟು 100. ಇ-ಸಿಗರೇಟು 2019ರಿಂದ ಭಾರತದಲ್ಲಿ ನಿಷಿದ್ಧ. ಹೆಂಗಸರು ಇಷ್ಟು ಗ್ರಾಂ, ಗಂಡಸರು ಇಷ್ಟು ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಬಹುದೆಂದು ಊರಲ್ಲಿ ಹೇಳುವ ಲೆಕ್ಕ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಬರುವವರಿಗೆ ಸಂಬಂಧಿಸಿದ್ದು. ಐದು ದಿನಕ್ಕೆ ಹೋಗಿಬಂದವರಿಗೆ ಆ ವಿನಾಯಿತಿ ಇಲ್ಲ.

ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಅವರು ಊರಿಗೆ ಮರಳಲಷ್ಟೇ ಆಗುವ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್, ಎರಡು ಫೋಟೊ ಬೇರೆ ಬ್ಯಾಗಿನಲ್ಲಿದ್ದರೆ ಆ ಕೆಲಸ ಬೇಗ ಆಗುತ್ತದೆ.

ದಸರಾ ರಜೆಗೋ ಬೇಸಿಗೆ ರಜೆಗೋ ಹೊರಡುವ ಯೋಚನೆ ಇರುವವರು ಅಗ್ಗದ ಟಿಕೆಟ್ ಹುಡುಕುವ ಮೊದಲು ಈ ಸಂಜೆಯೇ ಬೀರು ತೆಗೆದು, ಮನೆಯವರೆಲ್ಲರ ಪಾಸ್‌ಪೋರ್ಟ್ ಹರಡಿಕೊಂಡು, ಮುಗಿಯುವ ದಿನಾಂಕ ಮತ್ತು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಮಕ್ಕಳದ್ದನ್ನು ಮೊದಲು.